ಕೋಟೆಯ ಅಡಿಗೆಮನೆಯಲ್ಲಿ ಒಂದು ಶರತ್ಕಾಲ

ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಸಂಗತಿಗಳೆಲ್ಲವೂ ದೊಡ್ಡ ಸದ್ದಿನೊಡನೆ ನಡೆಯುವುವೆಂದು ತಿಳಿಯಲಾಗದು. ರಾಜ್ಯಗಳ ಉತ್ಥಾನಪತನಗಳಿಗೆ ಭೇರೀಘೋಷವುಂಟು, ಯುದ್ಧಗಳಿಗೆ ತಿಥಿವಾರಗಳುಂಟು. ಆದರೆ ಒಬ್ಬ ವಿದ್ಯಾರ್ಥಿಯು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಕುಳಿತು, ಗಾಜಿನ ಪಾತ್ರೆಯೊಂದರ ತಳದಲ್ಲಿ ನಿಂತ ಗಸಿಯನ್ನು ನೋಡಿ, ‘ಇದೇನು?’ ಎಂದು ತನ್ನನ್ನು ತಾನೇ ಕೇಳಿಕೊಂಡ ಕ್ಷಣಕ್ಕೆ ಭೇರಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಅಂಥ ಒಂದು ಕ್ಷಣದಿಂದ ಹೊರಟ ವಿಚಾರವು ಇಂದು ವೈದ್ಯರ, ಕೃಷಿಕರ, ನ್ಯಾಯಾಲಯಗಳ ವ್ಯವಹಾರದಲ್ಲೆಲ್ಲ ಹಬ್ಬಿ ನಿಂತಿದೆ. ಡಿ.ಎನ್.ಎ. ಎಂಬ ಮೂರಕ್ಷರಗಳನ್ನು ಕೇಳದ ವಿದ್ಯಾವಂತರ ಮನೆ ಈಗ ಅಪರೂಪ. ಆದರೆ ಆ ದ್ರವ್ಯವನ್ನು ಮೊದಲು ಬೇರ್ಪಡಿಸಿದವನ ಹೆಸರನ್ನು ಬಲ್ಲ ಮನೆಗಳೂ ಅಷ್ಟೇ ಅಪರೂಪ. ಆತನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಫ್ರೀಡ್ರಿಕ್ ಮೀಷರ್. ಕಾಲ 1868ನೆಯ ಇಸವಿಯ ಶರತ್ತು. ಸ್ಥಳ ಜರ್ಮನಿಯ ಟ್ಯೂಬಿಂಗನ್ ಊರಿನ ಕೋಟೆಯಲ್ಲಿದ್ದ ಹಳೆಯ ಅಡಿಗೆಮನೆ.

ಮೀಷರನು 1844ನೆಯ ಇಸವಿ ಆಗಸ್ಟ್ 13ರಂದು ಹುಟ್ಟಿದನು. ವಿದ್ಯೆಯು ಆ ಕುಲಕ್ಕೆ ಹೊಸದಲ್ಲ. ತಂದೆ ವೈದ್ಯವಿದ್ಯೆಯ ಪ್ರಾಧ್ಯಾಪಕ. ಸೋದರಮಾವ ವಿಲ್‌ಹೆಲ್ಮ್ ಹಿಸ್ ಶರೀರರಚನಾಶಾಸ್ತ್ರದಲ್ಲಿ ಯೂರೋಪಿನಲ್ಲೆಲ್ಲ ಹೆಸರಾದವನು. ಹುಡುಗನು ಸಂಕೋಚ ಸ್ವಭಾವದವನಾದರೂ ಓದಿನಲ್ಲಿ ಚುರುಕಾಗಿದ್ದನು. ವೈದ್ಯವಿದ್ಯೆಯನ್ನೇ ಕಲಿತು 1868ರಲ್ಲಿ ಪದವಿಯನ್ನು ಪಡೆದನು. ಆದರೆ ವಿದ್ಯಾಭ್ಯಾಸದ ನಡುವೆ ಬಂದ ಉಗ್ರವಾದ ಜ್ವರವೊಂದು ಆತನ ಶ್ರವಣಶಕ್ತಿಯನ್ನು ಕುಗ್ಗಿಸಿತ್ತು. ರೋಗಿಯ ಎದೆಯ ಸದ್ದನ್ನು ಕಿವಿಗೊಟ್ಟು ಆಲಿಸಬೇಕಾದ ವೈದ್ಯನಿಗೆ ಕಿವಿಯೇ ಮಂದವಾದರೆ ಗತಿಯೇನು? ಹೀಗೆ ಕೈಗೆ ಬಂದ ವೃತ್ತಿಯು ಕೈಬಿಡುವ ಹಾಗಾದಾಗ, ಸೋದರಮಾವನ ಮಾತು ದಾರಿ ತೋರಿಸಿತು. ದೇಹದ ಅಂಗಾಂಶಗಳು ಹೇಗೆ ಬೆಳೆಯುವುವು ಎಂಬ ಕೊನೆಯ ಪ್ರಶ್ನೆಗಳಿಗೆ ಉತ್ತರವು ರಸಾಯನಶಾಸ್ತ್ರದಲ್ಲಿಯೇ ದೊರೆಯತಕ್ಕದ್ದೆಂಬುದು ಹಿಸ್ ಮಹಾಶಯನ ದೃಢವಾದ ನಂಬಿಕೆ. ಆ ನಂಬಿಕೆಯನ್ನೇ ಉಪದೇಶವಾಗಿ ಸ್ವೀಕರಿಸಿ, ಮೀಷರನು ಮತ್ತೆ ವಿದ್ಯಾರ್ಥಿಯಾಗಿ ಟ್ಯೂಬಿಂಗನ್ನಿಗೆ ಹೊರಟನು.

ನೆಕಾರ್ ನದಿಯ ದಡದಲ್ಲಿರುವ ಆ ಊರಿನ ಗುಡ್ಡದ ನೆತ್ತಿಯಲ್ಲಿ ಹೋಹೆನ್‌ಟ್ಯೂಬಿಂಗನ್ ಎಂಬ ಕೋಟೆಯಿದೆ. ಒಂದು ಕಾಲಕ್ಕೆ ಅರಸುಮನೆತನದವರ ವಾಸಸ್ಥಾನವಾಗಿದ್ದ ಕೋಟೆಯು ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾಲಯದ ವಶಕ್ಕೆ ಬಂದಿತ್ತು. ಅಲ್ಲಿ ಫೆಲಿಕ್ಸ್ ಹೋಪೆ-ಜೈಲರ್ ಎಂಬ ಆಚಾರ್ಯನು ಜೀವಿಗಳ ರಸಾಯನವನ್ನು ಕಲಿಸುತ್ತಿದ್ದನು. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ದ್ರವ್ಯಕ್ಕೆ 1864ರಲ್ಲಿ ಹಿಮೋಗ್ಲೋಬಿನ್ ಎಂಬ ಹೆಸರನ್ನಿಟ್ಟವನು ಈತನೇ. ಗುರುವಿನ ಪ್ರಯೋಗಶಾಲೆ ಕೋಟೆಯ ಹಿಂದಿನ ಅಗಸಗಿತ್ತಿಯರ ಕೋಣೆಯಲ್ಲಿ. ಶಿಷ್ಯನಿಗೆ ಸಿಕ್ಕಿದ್ದು ಹಿಂದಿನ ಅಡಿಗೆಮನೆ. ಕಲ್ಲಿನ ಕಮಾನು ಚಾವಣಿ, ದಪ್ಪ ಗೋಡೆಗಳ ಒಳಗೆ ಹುದುಗಿದ ಕಿಟಕಿಗಳು, ಒಲೆ, ಕೆಲವು ಗಾಜಿನ ಪಾತ್ರೆಗಳು, ತಕ್ಕಡಿ, ಸೂಕ್ಷ್ಮದರ್ಶಕ. ಅರಸರ ಊಟಕ್ಕೆ ಮಾಂಸ ಬೆಂದ ಜಾಗದಲ್ಲಿ ಜೀವದ ಮೂಲದ್ರವ್ಯದ ಪಾಕವು ನಡೆಯಬೇಕಾಗಿತ್ತು.

ಮೀಷರನಿಗೆ ದೊರೆತ ವಿಷಯ ಜೀವಕೋಶದ ರಸಾಯನ. ಸಕಲ ಪ್ರಾಣಿಗಳ ಮತ್ತು ಸಸ್ಯಗಳ ಶರೀರವು ಕೋಶಗಳಿಂದಲೇ ಆದುದೆಂಬ ಸಿದ್ಧಾಂತವು ಆ ವೇಳೆಗೆ ನೆಲೆಗೊಂಡಿತ್ತು. ಕೋಶದ ನಡುವೆ ದುಂಡಾದ ಒಂದು ಕೇಂದ್ರವಿರುವುದನ್ನು ಗುರುತಿಸಿ 1831ರಲ್ಲಿ ರಾಬರ್ಟ್ ಬ್ರೌನನು ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟಿದ್ದನು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಕಾಯಿಯ ಒಳತಿರುಳು ಎಂದರ್ಥ. ಆದರೆ ಆ ತಿರುಳು ಏತಕ್ಕೆ, ಏತರಿಂದ ಆದುದು ಎಂಬುದನ್ನು ಹೇಳಬಲ್ಲವರಿರಲಿಲ್ಲ. ಕೋಶವೆಂದರೆ ಪ್ರೋಟೀನು, ಪ್ರೋಟೀನೆಂದರೆ ಜೀವ ಎಂಬುದೇ ಅಂದಿನ ಸಾಮಾನ್ಯ ಭಾವನೆ.

ಕೋಶವನ್ನು ಶೋಧಿಸಬೇಕಾದರೆ ಒಂದೇ ಬಗೆಯ ಕೋಶಗಳು ರಾಶಿಯಾಗಿ ದೊರೆಯಬೇಕು. ದುಗ್ಧಗ್ರಂಥಿಗಳಲ್ಲಿರುವ ಕೋಶಗಳನ್ನು ತೆಗೆಯಹೋದರೆ ಸಾಕಷ್ಟು ಸಿಕ್ಕುತ್ತಿರಲಿಲ್ಲ, ಸಿಕ್ಕಿದುವೂ ಶುದ್ಧವಾಗಿರುತ್ತಿರಲಿಲ್ಲ. ಕೊನೆಗೆ ಆತನು ಆಶ್ರಯಿಸಿದ್ದು ಯಾವುದನ್ನೆಂದರೆ, ಸಾಮಾನ್ಯರು ಹೆಸರೆತ್ತುವುದಕ್ಕೂ ಹೇಸುವ ಕೀವನ್ನು. ಗಾಯದಲ್ಲಿ ಕೂಡುವ ಕೀವೆಂದರೆ ರಕ್ತದ ಬಿಳಿಯ ಕೋಶಗಳ ಗುಂಪೇ ಆಗಿದೆ. ಗಾಯಗಳನ್ನು ಕ್ರಿಮಿನಾಶಕದಿಂದ ತೊಳೆಯುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಜೋಸೆಫ್ ಲಿಸ್ಟರನು 1867ರಲ್ಲಷ್ಟೇ ಪ್ರಕಟಿಸಿದ್ದನು; ಅದಿನ್ನೂ ಎಲ್ಲೆಡೆ ಹಬ್ಬಿರಲಿಲ್ಲ. ಆದಕಾರಣ ಊರಿನ ಶಸ್ತ್ರಚಿಕಿತ್ಸಾಲಯದಲ್ಲಿ ಕೀವಿನ ಪಟ್ಟಿಗಳಿಗೆ ಕೊರತೆಯಿರಲಿಲ್ಲ. ಕೆಲವು ದಶಕಗಳು ತಡವಾಗಿದ್ದರೆ ಈ ಸಾಮಗ್ರಿಯೇ ಇಷ್ಟು ಸುಲಭವಾಗಿ ಒದಗುತ್ತಿರಲಿಲ್ಲ. ರೋಗಿಗಳ ದುಃಖವೇ ವಿದ್ಯೆಗೆ ದ್ರವ್ಯವಾದುದು ಹೀಗೆ.

ಇನ್ನು ಆ ಶರತ್ಕಾಲದ ಒಂದು ದಿನದ ಕೆಲಸವು ಹೇಗಿತ್ತೆಂಬುದನ್ನು ಮೀಷರನು ಬರೆದಿಟ್ಟ ವಿಧಾನದಿಂದಲೇ ಹೇಳಬಹುದು. ಮೊದಲು ಚಿಕಿತ್ಸಾಲಯದಿಂದ ಬಂದ ಪಟ್ಟಿಗಳ ಪರೀಕ್ಷೆ. ಬಣ್ಣ ಕೆಟ್ಟುದನ್ನೂ ದುರ್ಗಂಧ ಹಿಡಿದುದನ್ನೂ ಆರಿಸಿ ಬಿಸುಡಬೇಕು. ಹೊಸತಾಗಿರುವುದನ್ನು ಮಾತ್ರ ಇಟ್ಟುಕೊಳ್ಳಬೇಕು. ಆಮೇಲೆ ಪಟ್ಟಿಯಿಂದ ಕೋಶಗಳನ್ನು ತೊಳೆದು ತೆಗೆಯಬೇಕು. ಇದು ಸುಲಭವೆಂದು ತೋರಿದರೂ ಮೊದಲಲ್ಲಿ ಮೀಷರನನ್ನು ಬಹಳ ಕಾಡಿತು. ಅಡಿಗೆಯ ಉಪ್ಪಿನ ನೀರಿನಲ್ಲಿ ತೊಳೆದರೆ ಕೋಶಗಳು ಉಬ್ಬಿ ಎಲ್ಲವೂ ಲೋಳೆಯಂತಾಗುವುದು. ಬಗೆಬಗೆಯ ಲವಣಗಳನ್ನು ಪರೀಕ್ಷಿಸಿದ ಮೇಲೆ, ಗ್ಲೌಬರನ ಉಪ್ಪೆಂದು ಹೆಸರಾದ ಸೋಡಿಯಂ ಸಲ್ಫೇಟಿನ ತಿಳಿಯಾದ ನೀರು ಒಪ್ಪಿತು. ಅದರಲ್ಲಿ ಪಟ್ಟಿಗಳನ್ನು ಅದ್ದಿ ತೊಳೆದು, ನೂಲಿನ ಎಳೆಗಳು ಬಾರದಂತೆ ಬಟ್ಟೆಯಲ್ಲಿ ಸೋಸಿ, ಅಲುಗಿಸದೆ ಇಡುವನು. ಒಂದೆರಡು ಗಂಟೆಗಳಲ್ಲಿ ಕೋಶಗಳು ತಳಕ್ಕೆ ಇಳಿಯುವುವು. ಅವು ಒಡೆಯದೆ ಇವೆಯೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಕಾಯುವುದೇ ಕೆಲಸವಾಗಿರುವ ವಿದ್ಯೆಯಿದು. ಗಸಿ ಇಳಿಯುವವರೆಗೆ ಅವಸರಪಟ್ಟು ಪ್ರಯೋಜನವಿಲ್ಲ. ಕಿವಿ ಮಂದವಾದವನಿಗೆ ನಿಶ್ಶಬ್ದವಾದ ಆ ಕಲ್ಲಿನ ಕೋಣೆಯು ಭಾರವೆನಿಸದೆ ಆಶ್ರಯವೇ ಆಗಿದ್ದೀತು. ಎದೆಯ ಸದ್ದನ್ನು ಕೇಳಲಾರದ ವೈದ್ಯನು ಇಲ್ಲಿ ಕಣ್ಣಿನಿಂದಲೂ ಕೈಯಿಂದಲೂ ಎಲ್ಲವನ್ನೂ ತಿಳಿಯಬಹುದಾಗಿತ್ತು.

ಆತನ ಮೊದಲ ಗುರಿ ಕೋಶಗಳೊಳಗಿನ ಪ್ರೋಟೀನುಗಳನ್ನು ಬಗೆಬಗೆಯಾಗಿ ವಿಂಗಡಿಸುವುದು ಮಾತ್ರ. ಹಾಗೆ ವಿಂಗಡಿಸುತ್ತಿರುವಾಗ ವಿಚಿತ್ರವಾದ ಒಂದು ಸಂಗತಿ ಕಣ್ಣಿಗೆ ಬಿತ್ತು. ತುಸು ಕ್ಷಾರದಲ್ಲಿ ಕರಗಿಸಿದ ಸಾರಕ್ಕೆ ಆಮ್ಲವನ್ನು ಬೆರೆಸಿದಾಗ ಒಂದು ದ್ರವ್ಯವು ಹಿಂಜಿದ ಅರಳೆಯಂತೆ ಬಿಡಿಬಿಡಿಯಾಗಿ ಬೇರ್ಪಟ್ಟಿತು. ಮರಳಿ ಕ್ಷಾರ ಬೆರೆಸಿದರೆ ಕರಗಿತು. ಪ್ರೋಟೀನೇ ಆಗಿದ್ದರೆ ಇತರ ಲಕ್ಷಣಗಳೂ ಹೊಂದಬೇಕಷ್ಟೆ? ಹೊಂದಲಿಲ್ಲ. ನೀರಿನಲ್ಲಿ ಕರಗದು, ಉಪ್ಪಿನ ನೀರಿನಲ್ಲಿ ಕರಗದು, ವಿನೆಗರಿನ ಆಮ್ಲದಲ್ಲಿ ಕರಗದು, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ಕರಗದು. ಅಂದಿಗೆ ತಿಳಿದಿದ್ದ ಯಾವ ಪ್ರೋಟೀನಿನ ನಡತೆಯೂ ಹೀಗಿರಲಿಲ್ಲ.

ಇಂಥ ಸಂದರ್ಭದಲ್ಲಿ ಬಹುಮಂದಿ ಮಾಡುವುದೇನು? ಪಾತ್ರೆ ಮಲಿನವಾಗಿತ್ತೆಂದೋ ದ್ರವ್ಯ ಕೆಟ್ಟಿತ್ತೆಂದೋ ಹೇಳಿ ಚೆಲ್ಲಿಬಿಡುವುದು. ತನ್ನ ಉದ್ದೇಶಕ್ಕೆ ಅಡ್ಡಬಂದುದನ್ನು ತೊಡೆದುಹಾಕುವುದು ಮನುಷ್ಯಸ್ವಭಾವ. ಮೀಷರನು ಹಾಗೆ ಮಾಡದೆ, ಪ್ರೋಟೀನುಗಳ ವಿಂಗಡಣೆಯನ್ನು ಬದಿಗಿಟ್ಟು ಆ ಗಸಿಯ ಬೆನ್ನು ಹತ್ತಿದನು. ಪ್ರಮೇಯವು ಹೊಂದದಿದ್ದಾಗ ಪ್ರಮಾಣವನ್ನು ತಿರುಚಬಾರದೆಂಬುದು ನಮ್ಮ ತರ್ಕಶಾಸ್ತ್ರಜ್ಞರಿಗೂ ಸಮ್ಮತವಾದ ಮಾರ್ಗವೇ.

ದ್ರವ್ಯವು ಕೋಶದ ಯಾವ ಭಾಗದಿಂದ ಬಂದುದು? ಅದು ಕೇಂದ್ರದಿಂದಲೇ ಬಂದಿರಬೇಕೆಂದು ಆತನು ಊಹಿಸಿದನು. ಊಹೆಯನ್ನು ನಿಶ್ಚಯಿಸಬೇಕಾದರೆ ಕೇಂದ್ರಗಳನ್ನು ಕೋಶದಿಂದ ಬಿಡಿಸಿ ತೆಗೆಯಬೇಕು. ಅದಕ್ಕೆ ಮೊದಲು ಆತನು ಬಳಸಿದ ಉಪಾಯವು ತಾಳ್ಮೆಯ ಪರೀಕ್ಷೆಯೇ ಸರಿ. ಅತಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೋಶಗಳನ್ನು ಮತ್ತೆ ಮತ್ತೆ ತೊಳೆಯುತ್ತ ವಾರಗಟ್ಟಲೆ ಚಳಿಯಲ್ಲಿ ಇಟ್ಟನು. ಹೊರಗೆ ಶರತ್ತು ಕಳೆದು ಹೇಮಂತವು ಬರುತ್ತಿರಲು, ಒಳಗೆ ಕೋಶದ ಸುತ್ತಣ ಭಾಗವು ಸ್ವಲ್ಪ ಸ್ವಲ್ಪವಾಗಿ ಕರಗಿಹೋಗುತ್ತಿತ್ತು. ಉಳಿದುದನ್ನು ನೀರು ಮತ್ತು ಈಥರಿನೊಡನೆ ಕುಲುಕಿದಾಗ ಕೊಬ್ಬು ಮೊದಲಾದ ಕಶ್ಮಲವು ಮೇಲೆ ನಿಂತು, ಬರಿಯ ಕೇಂದ್ರಗಳು ತಳದಲ್ಲಿ ನುಣ್ಣಗಿನ ಹುಡಿಯಾಗಿ ಕುಳಿತುವು. ಆ ಹುಡಿಗೆ ತುಸು ಕ್ಷಾರವನ್ನು ತಗುಲಿಸಿದರೆ ಕೇಂದ್ರಗಳು ಉಬ್ಬಿ ಮಸುಳುವುವು. ಆಮ್ಲ ಬೆರೆಸಿದರೆ ಅದೇ ಅರಳೆಯಂಥ ಗಸಿ! ದ್ರವ್ಯದ ನೆಲೆ ಗೊತ್ತಾಯಿತು.

ಮುಂದೆ ಆತನು ವಿಧಾನವನ್ನು ಇನ್ನೂ ಬಿಗಿಮಾಡಿದನು. ಬೆಚ್ಚನೆಯ ಮದ್ಯಸಾರದಿಂದ ಕೊಬ್ಬಿನಂಶವನ್ನು ತೆಗೆದು, ಹಂದಿಯ ಜಠರದಿಂದ ತಾನೇ ತಯಾರಿಸಿದ ಪೆಪ್ಸಿನ್ ರಸದಲ್ಲಿ ಕೋಶಗಳನ್ನು ನೆನೆಯಿಟ್ಟನು. ಪೆಪ್ಸಿನ್ನು ಪ್ರೋಟೀನುಗಳನ್ನು ಅರಗಿಸುವ ಜಠರರಸ. ಅದು ಉಳಿದೆಲ್ಲವನ್ನೂ ಅರಗಿಸಿತು. ಈ ಹೊಸ ದ್ರವ್ಯವನ್ನು ಮಾತ್ರ ಮುಟ್ಟಲಾರದೆ ಹೋಯಿತು. ಆಮೇಲೆ ದ್ರವ್ಯವನ್ನು ಸುಟ್ಟು, ತೂಗಿ, ಅದರ ಮೂಲಧಾತುಗಳನ್ನು ಎಣಿಸಿದನು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳು ನಿರೀಕ್ಷಿಸಿದುವೇ ಆಗಿದ್ದುವು. ಆದರೆ ರಂಜಕವು ಪ್ರೋಟೀನುಗಳಲ್ಲಿ ಕಾಣದಷ್ಟು ಹೆಚ್ಚಾಗಿ ದೊರೆಯಿತು. ಇದು ಪ್ರೋಟೀನಲ್ಲ, ಬೇರೊಂದು ಜಾತಿಯ ದ್ರವ್ಯ ಎಂಬುದರಲ್ಲಿ ಆತನಿಗೆ ಸಂದೇಹವುಳಿಯಲಿಲ್ಲ. ನ್ಯೂಕ್ಲಿಯಸ್ಸಿನಿಂದ ಬಂದುದಾದುದರಿಂದ ‘ನ್ಯೂಕ್ಲೀನ್’ ಎಂದು ಹೆಸರಿಟ್ಟನು. ಈ ಸಂಗತಿಯನ್ನು 1869ನೆಯ ಇಸವಿ ಫೆಬ್ರವರಿ 26ರಂದು ಸೋದರಮಾವನಿಗೆ ಪತ್ರಮುಖೇನ ತಿಳಿಸಿದನು.

ಅದೇ ವರ್ಷ ಮೀಷರನು ಟ್ಯೂಬಿಂಗನ್ನನ್ನು ಬಿಟ್ಟು, ಕಾರ್ಲ್ ಲೂಡ್ವಿಗ್ ಎಂಬ ಆಚಾರ್ಯನ ಬಳಿ ವ್ಯಾಸಂಗಕ್ಕಾಗಿ ಲೈಪ್ಸಿಗ್ಗಿಗೆ ಹೋದನು. ಅಲ್ಲಿ ತನ್ನ ಪ್ರಬಂಧವನ್ನು ಬರೆದು ಮುಗಿಸಿ ಹೋಪೆ-ಜೈಲರನಿಗೆ ಕಳುಹಿಸಿದನು. ಗುರುವು ಅದನ್ನು ಕೂಡಲೆ ಅಚ್ಚಿಗೆ ಕೊಡಲಿಲ್ಲ. ಕಾರಣವು ಸ್ಪಷ್ಟವಾಗಿತ್ತು. ರಂಜಕವು ಹೇರಳವಾಗಿರುವ ಅಂಗಾಂಶದ್ರವ್ಯವೆಂದರೆ ಆಗ ಲೆಸಿಥಿನ್ ಎಂಬುದೊಂದೇ ಪ್ರಸಿದ್ಧವಾಗಿತ್ತು. ಶಿಷ್ಯನು ಕಂಡುದು ನಿಜವಾಗಿಯೂ ಹೊಸ ದ್ರವ್ಯವೋ, ಅಥವಾ ಲೆಸಿಥಿನ್ನಿನ ಅಂಶವು ಅಂಟಿಕೊಂಡ ಪ್ರೋಟೀನೋ? ಇಪ್ಪತ್ತೈದು ವರ್ಷದ ತರುಣನೊಬ್ಬನ ಮಾತಿನ ಮೇಲೆ ಒಂದು ಹೊಸ ದ್ರವ್ಯಜಾತಿಯನ್ನೇ ಒಪ್ಪುವುದು ಹೇಗೆ? ಆದುದರಿಂದ ಗುರುವು ತಾನೇ ಕೀವಿನ ಕೋಶಗಳನ್ನು ತೊಳೆದು, ಶಿಷ್ಯನ ಪ್ರಯೋಗಗಳನ್ನು ಮೊದಲಿನಿಂದ ಮಾಡಿ ನೋಡಿದನು. ಇತರ ಇಬ್ಬರು ಶಿಷ್ಯರಲ್ಲಿ ಪ್ಲೋಸ್ ಎಂಬಾತನು ಹಕ್ಕಿಗಳ ಮತ್ತು ಹಾವುಗಳ ರಕ್ತಕೋಶಗಳ ಕೇಂದ್ರಗಳನ್ನೂ, ಲ್ಯೂಬಾವಿನ್ ಎಂಬಾತನು ಹಾಲಿನ ಕೇಸೀನನ್ನೂ ಶೋಧಿಸಿದರು. ನಡುವೆ 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಅಂತೂ 1871ರಲ್ಲಿ ಮೀಷರನ ಪ್ರಬಂಧವು, ಅದರ ಜತೆಯಲ್ಲಿಯೇ ಗುರುವಿನ ಸಮರ್ಥನೆಯೂ, ಒಂದೇ ಸಂಪುಟದಲ್ಲಿ ಬೆಳಕು ಕಂಡುವು.

ಈ ವಿಳಂಬವನ್ನು ಕುರಿತು ಎರಡು ಪಕ್ಷಗಳುಂಟು. ತರುಣನ ಕೀರ್ತಿಗೆ ಗುರುವು ಅಡ್ಡಿಯಾದನೆಂಬುದು ಪೂರ್ವಪಕ್ಷ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ತನ್ನ ಶೋಧವು ಮೇಜಿನ ಮೇಲೆ ಕುಳಿತಿರಲು, ಬೇರೊಬ್ಬನು ಅದನ್ನೇ ಕಂಡು ಮೊದಲು ಪ್ರಕಟಿಸಿಬಿಟ್ಟರೆ ವಿದ್ಯಾರ್ಥಿಯ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದರೆ ಉತ್ತರಪಕ್ಷವು ಹೆಚ್ಚು ಬಲವಾಗಿದೆ. ಶಿಷ್ಯನ ಮಾತನ್ನು ಅಲ್ಲಗಳೆಯುವುದು ಬೇರೆ, ಪರೀಕ್ಷಿಸುವುದು ಬೇರೆ. ಹೋಪೆ-ಜೈಲರನು ಮೀಷರನ ಪ್ರಬಂಧವನ್ನು ಹಿಂದಿರುಗಿಸಲಿಲ್ಲ; ತನ್ನ ಹೆಸರನ್ನು ಅದಕ್ಕೆ ಸೇರಿಸಿಕೊಳ್ಳಲೂ ಇಲ್ಲ. ಶಿಷ್ಯನು ಹಿಡಿದ ಕೊಳಕು ಪಟ್ಟಿಗಳನ್ನು ತಾನೂ ಹಿಡಿದು, ಆತನು ನಡೆದ ದಾರಿಯಲ್ಲಿ ತಾನೂ ನಡೆದು, ಅದೇ ಗಸಿಯನ್ನು ತನ್ನ ಕಣ್ಣಿನಿಂದ ಕಂಡು, ‘ಇದು ಸರಿ’ ಎಂದನು. ಪ್ರಸಿದ್ಧನಾದ ಆಚಾರ್ಯನೊಬ್ಬನು ಹೀಗೆ ಶಿಷ್ಯನಿಗೆ ಸಾಕ್ಷಿಯಾಗಿ ನಿಲ್ಲುವುದು ಸಾಮಾನ್ಯವಾದ ಗೌರವವಲ್ಲ. ಶಿಷ್ಯನನ್ನು ನಂಬುವುದು ಪ್ರೀತಿ; ಶಿಷ್ಯನ ಕೆಲಸವನ್ನು ಶೋಧಿಸುವುದು ಅದಕ್ಕಿಂತ ಕಷ್ಟವಾದ ಪ್ರೀತಿ.

ಮೀಷರನ ಮುಂದಿನ ಜೀವನವು ಬಾಸೆಲಿನಲ್ಲಿಯೇ ಕಳೆಯಿತು. ಅಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾದ ಮೇಲೆ ಕೀವನ್ನು ಬಿಟ್ಟು ಮೀನನ್ನು ಹಿಡಿದನು. ಸಾಲ್ಮನ್ ಎಂಬ ಮೀನುಗಳು ಮೊಟ್ಟೆಯಿಡುವುದಕ್ಕೆಂದು ಕಡಲಿನಿಂದ ರೈನ್ ನದಿಯನ್ನೇರಿ ಬಾಸೆಲಿನವರೆಗೂ ಬರುತ್ತಿದ್ದುವು. ಅವುಗಳ ರೇತಸ್ಸಿನ ಕೋಶಗಳಲ್ಲಿ ಹೆಚ್ಚಿನ ಪಾಲು ಕೇಂದ್ರವೇ ಆದುದರಿಂದ ನ್ಯೂಕ್ಲೀನಿಗೆ ಅದಕ್ಕಿಂತ ಒಳ್ಳೆಯ ಗಣಿಯಿಲ್ಲ. ದ್ರವ್ಯವು ಕೆಡದಿರಲೆಂದು ಬೆಳಗಿನ ಐದು ಗಂಟೆಗೇ ಹೋಗಿ, ಬೆಂಕಿಯಿಲ್ಲದ ಕೋಣೆಯಲ್ಲಿ, ಹಲವು ವೇಳೆ ರಾತ್ರಿ ಬಹಳ ಹೊತ್ತಿನವರೆಗೂ ಕೆಲಸ ಮಾಡುತ್ತಿದ್ದನು. ಆ ಶೋಧದ ಫಲವನ್ನು 1874ರಲ್ಲಿ ಪ್ರಕಟಿಸಿದನು. ಆಗ ಆತನು ಬರೆದ ಒಂದು ಅಭಿಪ್ರಾಯವು ಗಮನಾರ್ಹವಾಗಿದೆ. ಗರ್ಭೋತ್ಪತ್ತಿಗೆ ಯಾವುದಾದರೂ ಒಂದೇ ದ್ರವ್ಯವು ಕಾರಣವೆಂದು ಹೇಳಬೇಕಾದರೆ ಮೊದಲು ನೆನೆಯಬೇಕಾದುದು ನ್ಯೂಕ್ಲೀನನ್ನೇ ಎಂದು ಒಪ್ಪಿ, ಆಮೇಲೆ ಅದು ಹಾಗಿರಲಾರದೆಂದು ಬೇರೆ ದಾರಿ ಹಿಡಿದನು. 1892ರಲ್ಲಿ ಸೋದರಮಾವನಿಗೆ ಬರೆದ ಪತ್ರದಲ್ಲಿ ಇನ್ನೊಂದು ಮಾತು ಬರುತ್ತದೆ. ಇಪ್ಪತ್ತುನಾಲ್ಕರಿಂದ ಮೂವತ್ತು ಅಕ್ಷರಗಳಿಂದ ಸಕಲ ಭಾಷೆಗಳ ಶಬ್ದಗಳೂ ಭಾವಗಳೂ ಹೊಮ್ಮುವಂತೆ, ದೊಡ್ಡ ಅಣುಗಳಲ್ಲಿನ ಜೋಡಣೆಯ ಭೇದಗಳಿಂದ ವಂಶದ ಸಮಸ್ತ ಗುಣಗಳೂ ವ್ಯಕ್ತವಾಗಬಹುದೆಂದು ಆತನ ಊಹೆ. ಆದರೆ ಆ ಅಕ್ಷರಗಳನ್ನು ಆತನು ಹುಡುಕಿದ್ದು ಪ್ರೋಟೀನಿನಲ್ಲಿ. ನಿಧಿಯ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದವನು, ನಿಧಿಯ ಲಕ್ಷಣವನ್ನು ಸರಿಯಾಗಿ ವರ್ಣಿಸಿದವನು, ಎರಡನ್ನೂ ಒಂದೆಂದು ಕೂಡಿಸಿ ನೋಡದೆ ಹೋದನು. ಕ್ಷಯರೋಗಕ್ಕೆ ಸಿಲುಕಿ, 1895ನೆಯ ಇಸವಿ ಆಗಸ್ಟ್ 26ರಂದು ದಾವೋಸಿನಲ್ಲಿ ತೀರಿಕೊಂಡನು. ಆಗ ಆತನಿಗೆ ವಯಸ್ಸು ಐವತ್ತೊಂದು.

ನ್ಯೂಕ್ಲೀನೆಂಬ ಹೆಸರೂ ಬಹುಕಾಲ ಉಳಿಯಲಿಲ್ಲ. 1889ರಲ್ಲಿ ರಿಚರ್ಡ್ ಆಲ್ಟ್‌ಮನ್ ಎಂಬಾತನು ಅದರಿಂದ ಪ್ರೋಟೀನಿನಂಶವನ್ನು ಪೂರ್ಣವಾಗಿ ತೆಗೆದು, ನ್ಯೂಕ್ಲಿಯಿಕ್ ಆಮ್ಲವೆಂದು ಕರೆದನು. ಹೋಪೆ-ಜೈಲರನ ಮತ್ತೊಬ್ಬ ಶಿಷ್ಯನಾದ ಆಲ್ಬ್ರೆಕ್ಟ್ ಕೊಸೆಲನು ಅದರ ಘಟಕಗಳನ್ನು ಬಿಡಿಸಿ ತೋರಿಸಿದನು. 1910ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ಅನುವಂಶದ ಗುಣಗಳನ್ನು ಹೊರುವ ದ್ರವ್ಯ ಇದೇ ಎಂಬುದಕ್ಕೆ 1944ರಲ್ಲಿ ಅಮೆರಿಕದ ಏವ್ರಿ, ಮ್ಯಾಕ್ಲಿಯಡ್, ಮೆಕಾರ್ಟಿ ಎಂಬ ಮೂವರು ಪ್ರಮಾಣವನ್ನು ಕೊಟ್ಟರು. ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸರ ಕ್ಷಕಿರಣಚಿತ್ರಗಳ ಆಧಾರವನ್ನು ಹೊಂದಿ, 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಅದರ ಜೋಡಿಸುರುಳಿಯ ರೂಪವನ್ನು ಪ್ರಕಟಿಸಿದರು. ಆ ಸುರುಳಿಯಲ್ಲಿ ಬರೆದಿರುವುದು ನಾಲ್ಕೇ ಅಕ್ಷರಗಳ ಲಿಪಿ. ಆ ಲಿಪಿಯನ್ನು ಓದುವ ಬಗೆಯನ್ನು ತಿಳಿಸಿದುದಕ್ಕಾಗಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನಾ ಅವರಿಗೆ ಮತ್ತಿಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆತ ವರ್ಷ 1968. ಕೋಟೆಯ ಅಡಿಗೆಮನೆಯ ಆ ಶರತ್ಕಾಲಕ್ಕೆ ಅಂದಿಗೆ ಸರಿಯಾಗಿ ನೂರು ವರ್ಷ.

ಮೀಷರನ ಮರಣಾನಂತರ 1897ರಲ್ಲಿ ಆತನ ಬರಹಗಳನ್ನು ಕೂಡಿಸಿ ಅಚ್ಚುಮಾಡಿಸಿದವನು ಸೋದರಮಾವ ಹಿಸ್. ಕಾಲ ಕಳೆದಂತೆ ಈ ಕೆಲಸದ ಬೆಲೆಯು ಕುಗ್ಗದೆ ಬೆಳೆಯುವುದೆಂದು ಆತನು ಮುನ್ನುಡಿಯಲ್ಲಿ ನುಡಿದನು. ಬಂಧುವಿನ ಪಕ್ಷಪಾತವೆಂದು ಅಂದು ತೋರಿದ್ದೀತು. ಕಾಲವು ಅದನ್ನು ಅಕ್ಷರಶಃ ನಿಜಮಾಡಿತು. ಸಾಲ್ಮನ್ ಮೀನಿನಿಂದ ಮೀಷರನು ತೆಗೆದ ನ್ಯೂಕ್ಲೀನನ್ನು ತುಂಬಿದ ಒಂದು ಗಾಜಿನ ನಳಿಗೆಯು ಟ್ಯೂಬಿಂಗನ್ನಿನಲ್ಲಿ ಇಂದಿಗೂ ಉಳಿದಿದೆ. ಆ ಅಡಿಗೆಮನೆಯೇ ಈಗ ವಿಶ್ವವಿದ್ಯಾಲಯದ ಒಂದು ವಸ್ತುಸಂಗ್ರಹಾಲಯವಾಗಿದೆ.

ಆತನ ಬಾಳಿನಿಂದ ವಿದ್ಯಾರ್ಥಿಗಳು ಕಲಿಯತಕ್ಕುದೇನು? ಆತನು ಎಲ್ಲವನ್ನೂ ತಿಳಿದವನಲ್ಲ. ತಾನು ಕಂಡ ದ್ರವ್ಯದ ಪರಮಾರ್ಥವನ್ನೇ ತಿಳಿಯದೆ ಹೋದನು. ಆದರೂ ಆತನ ಗಸಿ ಸುಳ್ಳಾಗಲಿಲ್ಲ. ಅಭಿಪ್ರಾಯಗಳು ಬದಲಾದುವು, ಹೆಸರುಗಳು ಬದಲಾದುವು. ಶುದ್ಧವಾದ ಕೈಯಿಂದ ತೊಳೆದು, ಸೋಸಿ, ತೂಗಿ, ಗುರುವಿನ ಪರೀಕ್ಷೆಗೆ ಒಡ್ಡಿದ ವಸ್ತುವು ಮಾತ್ರ ಹಾಗೆಯೇ ನಿಂತಿತು. ಅರ್ಥವನ್ನು ಹೇಳುವ ಭಾಗ್ಯವು ಮುಂದಿನವರಿಗೆ ಒದಗಬಹುದು. ಪಾಠವನ್ನು ತಪ್ಪಿಲ್ಲದೆ ಬರೆದು ಕೊಡುವ ಹೊಣೆ ಇಂದಿನವನದು. ಅಷ್ಟನ್ನು ಮಾಡಿದವನ ದಿನವು, ಯಾರೂ ಕಾಣದೆ ಕಳೆದರೂ, ವ್ಯರ್ಥವಾಗದು.